ಸ್ಲ್ಯಾಬಿನಲ್ಲಿ ಗಣಪತಿ, ಮಂಗಳನಲ್ಲಿ ಮುಖ

ಭಾನುವಾರ ಬೆಳಿಗ್ಗೆ ಟೀ ಅಂಗಡಿ ಬೆಂಚಿನ ಮೇಲೆ ಮೂವರೂ ಕೂತಿದ್ದೆವು. ಸೀನ ಮೊಬೈಲನ್ನು ನಮ್ಮ ಮೂಗಿಗೇ ಹಿಡಿದ. "ನೋಡ್ರೋ, ಮಂಗಳ ಗ್ರಹದಲ್ಲಿ ಬಾಗಿಲು! ಚೌಕಟ್ಟು ಸಮೇತ. ನಾಸಾದವರು ಮುಚ್ಚಿಟ್ಟಿದ್ದಾರೆ."

"ಮುಚ್ಚಿಟ್ಟಿದ್ದರೆ ನಿನ್ನ ಮೊಬೈಲಿಗೆ ಹೇಗೋ ಬಂತು?" ಅಂದ ನಾಗರಾಜ. ಅವನದು ಗ್ರಾನೈಟ್ ಅಂಗಡಿ. ಕಲ್ಲಿನ ವಿಷಯಕ್ಕೆ ನಮ್ಮ ಬೆಂಚಿನಲ್ಲಿ ಅವನದೇ ಕೊನೆಯ ತೀರ್ಪು.

ಆ ಫೋಟೋ ನನಗೆ ಗೊತ್ತಿತ್ತು. 2022ರ ಮೇ ತಿಂಗಳಲ್ಲಿ ಕ್ಯೂರಿಯಾಸಿಟಿ ರೋವರ್, ಅಂದರೆ ಮಂಗಳನ ಮೇಲೆ ಓಡಾಡುವ ನಾಸಾದ ಯಂತ್ರಬಂಡಿ, ತೆಗೆದದ್ದು. ಬಂಡೆ ಬಿರುಕು ಬಿಟ್ಟು ಆದ ಸಂದು. "ಬಾಗಿಲೇನೋ ಸರಿ ಸೀನಾ, ಎತ್ತರ ಸುಮಾರು ಒಂದಡಿ. ಬೆಕ್ಕು ನುಸುಳಬಹುದು."

"ಹಾಗಾದ್ರೆ ಅಲ್ಲಿನವರು ಕುಳ್ಳರು." ಸೋಲುವ ಆಸಾಮಿಯೇ ಅಲ್ಲ.

ನಾಗರಾಜ ಟೀ ಕೆಳಗಿಟ್ಟ. "ಹೋದ ತಿಂಗಳು ಒಬ್ಬರು ಬಾತ್‌ರೂಮಿಗೆ ಸ್ಲ್ಯಾಬ್ ಆರಿಸಿದರು. ಅಡ್ವಾನ್ಸೂ ಕೊಟ್ಟರು. ಲೋಡ್ ಮಾಡೋ ಹೊತ್ತಿಗೆ ಅವರ ಅತ್ತೆಗೆ ಅದರಲ್ಲಿ ಗಣಪತಿ ಕಾಣಿಸಿದ. ಸೊಂಡಿಲು, ಕಿವಿ, ಕೈಲಿ ಮೋದಕ ಎಲ್ಲಾ. ಆರ್ಡರ್ ಕ್ಯಾನ್ಸಲ್! ಸ್ಲ್ಯಾಬನ್ನ ತಲೆಕೆಳಗು ಮಾಡಿ ನಿಲ್ಲಿಸಿದೆ. ಮಾರನೇ ದಿನ ಬೇರೆಯವರು ಒಯ್ದರು. ಅವರಿಗೆ ಏನೂ ಕಾಣಿಸಲಿಲ್ಲ."

"1976ರಲ್ಲೂ ಆದದ್ದು ಇದೇ" ಅಂದೆ. ವೈಕಿಂಗ್ 1 ನೌಕೆ ಸಿಡೋನಿಯಾ ಅನ್ನುವ ಜಾಗದಲ್ಲಿ ಒಂದು ಗುಡ್ಡದ ಫೋಟೋ ತೆಗೆಯಿತು. ಓರೆ ಬಿಸಿಲಿಗೆ ನೆರಳು ಬಿದ್ದು ಕಣ್ಣು, ಮೂಗು, ಬಾಯಿ ಮೂಡಿದ್ದವು. ಇದು ನೆರಳಿನ ಆಟ ಅಂತ ಹೇಳಿಯೇ ನಾಸಾ ಬಿಡುಗಡೆ ಮಾಡಿದ್ದು. ಯಾರು ಕೇಳಬೇಕು? ಕೆಲವರು ಪಕ್ಕದಲ್ಲಿ ಪಿರಮಿಡ್ಡು, ಪಟ್ಟಣ ಎಲ್ಲಾ ಕಂಡರು. 1998ರಲ್ಲಿ, ಮತ್ತೆ 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಒಳ್ಳೆ ಕ್ಯಾಮೆರಾದಲ್ಲಿ ನೋಡಿತು. ಮುಖ ಮಾಯ. ಬರೀ ಗುಡ್ಡ.

"ಸರಿ, 2014ರ ಡೋನಟ್ ಕಲ್ಲು? ಮೊದಲ ಫೋಟೋದಲ್ಲಿ ಇರಲಿಲ್ಲ, ಆಮೇಲಿನದರಲ್ಲಿ ಇತ್ತು. ಕಲ್ಲು ನಡೀತಾ?" ಅಂದ ಸೀನ.

"ಆಪರ್ಚುನಿಟಿ ರೋವರಿನ ಚಕ್ರಕ್ಕೇ ಸಿಕ್ಕಿ ಒಡೆದು ಉರುಳಿದ ಚೂರು ಕಣೋ."

"ನಮ್ಮ ಟೆಂಪೋ ಡ್ರೈವರ್ ಥರ" ಅಂದ ನಾಗರಾಜ. "ತಾನೇ ಗುದ್ದಿ, ತಾನೇ ಇಳಿದು ಯಾರು ಮಾಡಿದ್ದು ಅಂತ ನೋಡ್ತಾನೆ."

ಸೀನನ ದನಿ ಇಳಿಯಿತು. "ಹಾಗಾದ್ರೆ ಜೀವ ಇಲ್ವಾ?" ಪಾಪ ಅನ್ನಿಸಿತು.

"ಹಾಗಲ್ಲ. ವಿಜ್ಞಾನಿಗಳಿಗೆ ನಿದ್ದೆ ಕೆಡಿಸಿದ ಕಲ್ಲು ಬಾಗಿಲೂ ಅಲ್ಲ, ಮುಖಾನೂ ಅಲ್ಲ. ಬರೀ ಚುಕ್ಕೆ."

2024ರ ಜುಲೈನಲ್ಲಿ ಪರ್ಸಿವಿಯರೆನ್ಸ್ ರೋವರಿಗೆ ಸಿಕ್ಕ ಬಂಡೆ ಅದು. ಒಂದು ಕಾಲಕ್ಕೆ ಮಂಗಳನ ಜೆಜೆರೊ ಕುಳಿಗೆ ನೀರು ಹರಿಸಿದ ನದಿಯ ಕಣಿವೆಯಲ್ಲಿತ್ತು. ಹೆಸರು ಚೆಯಾವಾ ಫಾಲ್ಸ್, ಉದ್ದ ಸುಮಾರು ಒಂದು ಮೀಟರ್. ಮೈಮೇಲೆ ಚಿರತೆಯಂಥ ಚುಕ್ಕೆಗಳು. ಒಳಗೆ ತಿಳಿ ಬಣ್ಣ, ಸುತ್ತ ಕಪ್ಪಂಚು. ಅವುಗಳಲ್ಲಿ ಕಬ್ಬಿಣದ ಜೊತೆ ರಂಜಕ, ಗಂಧಕ ಸೇರಿದ ಖನಿಜಗಳಿವೆ. ನಮ್ಮ ಭೂಮಿಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಉಂಡೆದ್ದ ಎಲೆಯ ಮೇಲೆ ಇಂಥವು ಉಳಿದಿರುತ್ತವೆ. ಜೀವ ಇಲ್ಲದೆಯೂ ಆಗಬಹುದು, ಕಲ್ಲು ಚೆನ್ನಾಗಿ ಕಾದರೆ. ಈ ಬಂಡೆ ಅಷ್ಟು ಕಾದ ಹಾಗೆ ಕಾಣುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ಜೀವದ ಗುರುತು "ಇರಬಹುದು" ಅಂದರೇ ಹೊರತು "ಹೌದು" ಅನ್ನಲಿಲ್ಲ.

"ಹೆಣ್ಣು ನೋಡಲು ಬಂದವರು ಊರಿಗೆ ಹೋಗಿ ತಿಳಿಸ್ತೀವಿ ಅಂದ ಹಾಗೆ" ಅಂದ ಸೀನ. ಮೂರು ದಿನದ ಹಿಂದೆ ಅವನಿಗೇ ಈ ಉತ್ತರ ಫೋನಿನಲ್ಲಿ ಬಂದಿತ್ತು. ನಾವು ನಗಲಿಲ್ಲ.

"ಆ ಕಲ್ಲನ್ನ ಇಲ್ಲಿಗೆ ತಂದು ಲ್ಯಾಬಲ್ಲಿ ನೋಡಿದ್ರಾಯ್ತು" ಅಂದ ಸೀನನೇ.

"ಕೊರೆದು ಕೊಳವೆಗೆ ತುಂಬಿ ಸೀಲೂ ಮಾಡಿದ್ದಾರೆ. ಒಯ್ದು ತರೋಕೆ ಗಾಡಿ ಇಲ್ಲ."

"ಪಾರ್ಸೆಲ್ ರೆಡಿ, ಡೆಲಿವರಿ ಹುಡುಗ ನಾಪತ್ತೆ!"

ನಾಗರಾಜ ಮಾತ್ರ ಏನೋ ಲೆಕ್ಕ ಹಾಕುತ್ತಿದ್ದ. "ಚುಕ್ಕೆ ಇರೋದು, ಸುತ್ತ ಕಪ್ಪಂಚು ಅಂದೆ ಅಲ್ವಾ? ಅಂಥ ಎರಡು ಸ್ಲ್ಯಾಬು, ವರ್ಷದಿಂದ ಗೋಡೆಗೆ ಒರಗಿವೆ. ಮಂಗಳ ಡಿಸೈನ್ ಅಂತ ಹೇಳಿ, ಚದರಡಿಗೆ ಇಪ್ಪತ್ತು ಜಾಸ್ತಿ ಕೇಳಲಾ?"