ಹಗಲಲ್ಲಿ ಕೋಳಿ ಅಟ್ಟಬೇಡ ಪುಟ್ಟಿ

ಪುಟ್ಟಿ, ಬೆಳಗ್ಗೆ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಕಡಕ್‌ನಾಥ್ ಕೋಳಿ ಮರಿಗಳಿಗೆ ಎರಡು ತಿಂಗಳಾಗುತ್ತಾ ಬಂತು, ಶೆಡ್ ಒಳಗೆ ಕಾಲಿಟ್ಟರೆ ಜಾಲರಿಗೆ ಹಾರಿ ಬೀಳುತ್ತವೆ, ನಾಳೆ ಮಧ್ಯಾಹ್ನ ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕುವವನು ಬರುತ್ತಾನೆ, ಹಿಡಿಯೋದು ಹೇಗೆ ದೊಡ್ಡಮ್ಮ ಅಂತ ಕೇಳಿದ್ದೀಯ. ಮಧ್ಯಾಹ್ನ ಬೇಡವೇ ಬೇಡ. ಮೊದಲು ಅವನಿಗೆ ಫೋನ್ ಮಾಡು. ಹಗಲಲ್ಲಿ ಅಟ್ಟಿಸಿಕೊಂಡು ಹಿಡಿಯಲು ಯಾರನ್ನೂ ಒಳಗೆ ಬಿಡಬೇಡ. ನಿಮ್ಮಪ್ಪನನ್ನಂತೂ ಬಿಡಲೇಬೇಡ, ಅವನು ಕೊಟ್ಟಿಗೆಗೆ ಹೋದರೆ ಮಲಗಿದ ಎಮ್ಮೆಯೂ ಎದ್ದು ನಿಲ್ಲುತ್ತದೆ.

ಕೆರೆ ಏರಿ ತೋಟದಲ್ಲಿ ನಮ್ಮ ಶೆಡ್ ಇತ್ತಲ್ಲ, ರಜಕ್ಕೆ ಬಂದಾಗ ನೀವೆಲ್ಲ ಮೊಟ್ಟೆ ಆರಿಸುತ್ತಿದ್ದಿರಲ್ಲ, ಅದೇ. ಆಗ ನಿಮ್ಮ ದೊಡ್ಡಪ್ಪ ಬಿಳಿ ಲೆಗ್‌ಹಾರ್ನ್ ಕೋಳಿ ತಂದಿದ್ದರು. ಮೊಟ್ಟೆ ಚೆನ್ನಾಗಿ ಇಡುತ್ತಿದ್ದವು, ಇಲ್ಲ ಅನ್ನಲ್ಲ. ಆದರೆ ಎಂಥ ಪುಕ್ಕಲು ಜಾತಿ ಅಂದರೆ ನಾನು ಹೊಸ ಸೀರೆ ಉಟ್ಟು ಹೋದರೂ ಗಾಬರಿ, ಯಾರೋ ಬಕೆಟ್ ಕೆಳಗಿಟ್ಟ ಸದ್ದಿಗೂ ಗಾಬರಿ. ನಮ್ಮ ನಾಟಿ ಕೋಳಿ ಹೆದರಿದರೆ ದಿಕ್ಕಿಗೊಂದು ಚದುರಿ ಬೇಲಿ ಸಂದಿಯಲ್ಲಿ ನುಗ್ಗುತ್ತದೆ. ಶೆಡ್ಡಿನಲ್ಲಿರುವುದಕ್ಕೆ ಎಲ್ಲಿದೆ ಜಾಗ? ಎಲ್ಲವೂ ಒಂದೇ ಮೂಲೆಗೆ ಹೋಗಿ ಒತ್ತುತ್ತವೆ.

ಒಂದು ದಿನ ಹೀಗೇ ಲಸಿಕೆಯವನು ಬಂದ. ಸುಡುಬಿಸಿಲು. ಸಂಜೆ ಬಾರಪ್ಪಾ ಅಂದೆ, ಇನ್ನೂ ಎರಡು ಊರಿದೆ ಅಮ್ಮ ಅಂದ. ಕೈಯಲ್ಲಿ ಗೊಬ್ಬರದ ಚೀಲ ಹಿಡಿದು ಒಳಗೆ ನುಗ್ಗಿ ಹೋ ಹೋ ಅಂತ ಬೀಸಿದ ನೋಡು, ಅಷ್ಟೂ ಕೋಳಿ ನೀರಿನ ಡ್ರಮ್ಮಿನ ಪಕ್ಕದ ಮೂಲೆಗೆ ಒಂದರ ಮೇಲೊಂದು ಹತ್ತಿ ಗುಡ್ಡೆ ಬಿದ್ದವು. ನಾನು ಓಡಿಹೋಗಿ ಮೇಲಿನವನ್ನು ಎತ್ತಿ ಎತ್ತಿ ಎಸೆದೆ. ಅಡಿಯಲ್ಲಿದ್ದವು ಉಸಿರು ಕಟ್ಟಿ ಸತ್ತಿದ್ದವು. ಮೈಮೇಲೆ ಒಂದು ಗೀರಿಲ್ಲ, ರಕ್ತ ಇಲ್ಲ. ಉಳಿದವು ವಾರಗಟ್ಟಲೆ ಸರಿಯಾಗಿ ಮೊಟ್ಟೆ ಇಡಲಿಲ್ಲ, ಇಟ್ಟರೂ ಕೆಲವು ಸಿಪ್ಪೆಯಿಲ್ಲದ ತೊಗಲು ಮೊಟ್ಟೆ. ಅದಕ್ಕೇ ಹೇಳುತ್ತಿದ್ದೇನೆ, ಕೇಳಿಸಿಕೋ, ಹಗಲಲ್ಲಿ ಅಟ್ಟಬೇಡ, ಮೂಲೆಗೆ ಸೇರಲು ಬಿಡಬೇಡ.

ಅವತ್ತು ಸತ್ತ ಕೋಳಿ ನೋಡಿ, ಹೂಳೋದ್ಯಾಕೆ ಅತ್ತಿಗೆ, ಸಾರು ಮಾಡಿ ಅಂದವರು ಇದೇ ಗ್ರೂಪಿನಲ್ಲಿದ್ದಾರೆ. ಹೆಸರು ಹೇಳಲ್ಲ, ಅವರಿಗೇ ಗೊತ್ತು. ಹಬ್ಬ ಬಂದರೆ ಎರಡು ಕೋಳಿ ಕಳಿಸಿ ಅನ್ನೋರು, ದುಡ್ಡಿನ ಮಾತು ಬಂದರೆ ನಮ್ಮನೇದೇ ಅಲ್ವಾ ಅನ್ನೋರು. ಮೇವಿನ ಅಂಗಡಿಯವನಿಗೆ ನಮ್ಮನೇದೇ ಅಂದರೆ ನಡೆಯುತ್ತಾ? ಭಾಗ ಆದಾಗ ತೋಟದ ಆ ತುಂಡೇ ಬೇಕು ಅಂದರು, ಹೋಗಲಿ ಕೊಟ್ಟೆವು. ಆ ಶೆಡ್ಡಿನ ತಗಡು ಈಗ ಯಾರ ಕಾರಿನ ಮೇಲಿದೆ ಅಂತ ಅರಕಲಗೂಡು ಚಿಕ್ಕಮ್ಮನನ್ನು ಕೇಳು, ಅವಳು ಹೇಳುತ್ತಾಳೆ. ನಾನು ತುಟಿ ಬಿಚ್ಚಲಿಲ್ಲ. ಗಿರಿರಾಜ ಕೋಳಿ ತಗೋ, ಹೆಬ್ಬಾಳದ ಪಶುವೈದ್ಯ ಕಾಲೇಜಿನ ತಳಿ, ಮೈ ಭಾರ, ಸಾಧು ಅಂತ ನಿನಗೂ ಹೇಳಿದ್ದೆ. ನೀನು ಯೂಟ್ಯೂಬಿನಲ್ಲಿ ಕಪ್ಪು ಮಾಂಸದ ರೇಟ್ ನೋಡಿ ಮಧ್ಯಪ್ರದೇಶದ ಝಾಬುವಾದ ಈ ಕಡಕ್‌ನಾಥ್ ತಂದೆ. ದೊಡ್ಡಮ್ಮನ ಮಾತು ಯಾರಿಗೆ ಬೇಕು ಈಗ.

ಅಯ್ಯೋ, ಹಿಡಿಯೋದು ಹೇಗೆ ಅಂತಲ್ವಾ ನೀನು ಕೇಳಿದ್ದು. ಇವತ್ತು ರಾತ್ರಿ, ಕತ್ತಲಾಗಿ ಕೋಳಿಗಳೆಲ್ಲ ಅಟ್ಟಣಿಗೆ ಹತ್ತಿ ಕೂತ ಮೇಲೆ ಹೋಗು. ಕತ್ತಲಲ್ಲಿ ಅವಕ್ಕೆ ಕಣ್ಣು ಅಷ್ಟಾಗಿ ಕಾಣಲ್ಲ, ಕೂತಲ್ಲೇ ಇರುತ್ತವೆ. ಬ್ಯಾಟರಿ ಬಾಯಿಗೆ ನೀಲಿ ಜಿಲೇಟಿನ್ ಕಾಗದ ಕಟ್ಟು, ಆ ಬೆಳಕಿಗೆ ಅವು ಅಷ್ಟು ಗಾಬರಿಯಾಗಲ್ಲ. ಮೊಬೈಲ್ ಲೈಟ್ ಹಾಕಬೇಡ. ಒಳಗೆ ಹೋಗುವ ಮೊದಲೇ ಬ ಬ ಬ ಅಂತ ಮೆಲ್ಲಗೆ ದನಿ ಕೊಡು, ದಿನಾ ಕಾಳು ಹಾಕುವಾಗಲೂ ಅದೇ ದನಿ ಇರಲಿ. ಎರಡೂ ಕೈಯಿಂದ ರೆಕ್ಕೆ ಒತ್ತಿ ಹಿಡಿದು ಎದೆಗೆ ಅವಚಿಕೋ. ಒಂದು ಕಾಲು ಹಿಡಿದು ನೇತಾಡಿಸಬೇಡ, ತೊಡೆ ಮೂಳೆ ಕೀಲು ತಪ್ಪುತ್ತದೆ. ಗಾಳಿಯಾಡುವ ಮಂಕರಿಯಲ್ಲಿ ನಾಲ್ಕೈದರಂತೆ ಹಾಕಿಡು, ತುಂಬಬೇಡ. ಲಸಿಕೆಯವನು ಬೆಳಗ್ಗೆ ತಂಪಿನಲ್ಲೇ ಬಂದು ಒಂದೊಂದೇ ತೆಗೆದು ಚುಚ್ಚಲಿ. ಔಷಧ ಐಸ್ ಡಬ್ಬಿಯಲ್ಲೇ ಇರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅದನ್ನು ಬಾಯಿಬಿಟ್ಟು ಕೇಳು.

ಆಮೇಲೆ ಶೆಡ್ಡಿನ ಮೂಲೆಗಳಿಗೆ ತಗಡೋ ದಪ್ಪ ರಟ್ಟೋ ಬಗ್ಗಿಸಿ ಕಟ್ಟಿ ದುಂಡಗೆ ಮಾಡಿಸು. ತಗಡು ಬೇಕಾದರೆ ಅಂಗಡಿಯಲ್ಲೇ ತಗೋ, ಯಾರನ್ನೂ ಕೇಳಬೇಡ.