ಬಫರ್ ಓವರ್‌ಫ್ಲೋ: ಉಕ್ಕುವುದೋ, ಬದು ದಾಟುವುದೋ?

ಗ್ರಬ್ ಬೂಟ್‌ಲೋಡರಿನ (ಕಂಪ್ಯೂಟರ್ ಆನ್ ಮಾಡಿದಾಗ ಆಪರೇಟಿಂಗ್ ಸಿಸ್ಟಮ್ಮನ್ನು ಎಬ್ಬಿಸುವ ಪ್ರೋಗ್ರಾಮು) ಮೆಮೊರಿ ದೋಷಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವನು 'ಬಫರ್ ಓವರ್‌ಫ್ಲೋ' ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಬಫರ್ ಎಂದರೆ ಮಾಹಿತಿ ಇಡಲು ಮೆಮೊರಿಯಲ್ಲಿ ಅಳೆದು ಕೊಟ್ಟ ಜಾಗ; ಅದರ ಅಳತೆ ಮೀರಿ ಬರೆದರೆ ಓವರ್‌ಫ್ಲೋ. ಇದಕ್ಕೆ ಕನ್ನಡದಲ್ಲಿ ಏನನ್ನೋಣ? ಬಲ್ಲವರು ದಾರಿ ತೋರಿಸಿ.

ಮೊದಲು ಹೊಳೆದದ್ದು 'ತುಳುಕು'. ಆದರೆ ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತದೆ ಗಾದೆ. ಇಲ್ಲಿ ಕೊಡ ತುಂಬಿದ ಮೇಲೆಯೇ ರಗಳೆ. 'ಕೋಡಿ ಬೀಳು'? ಕೋಡಿ ಎಂದರೆ ಕೆರೆ ಕಟ್ಟಿದವರೇ ಹೆಚ್ಚಿನ ನೀರಿಗೆಂದು ಬಿಟ್ಟ ದಾರಿ. ಕೋಡಿ ಬಿದ್ದರೆ ಊರಿಗೆ ಹಬ್ಬ. ಬಫರಿಗೆ ಕೋಡಿಯೇ ಇರಲಿಲ್ಲವಲ್ಲ!

ಸರಿ, 'ಉಕ್ಕು' ಎಂದಿಟ್ಟುಕೊಂಡೆ. 2020ರ ಜುಲೈನಲ್ಲಿ ಬಯಲಾದ, 'ಬೂಟ್‌ಹೋಲ್' ಎಂಬ ಗ್ರಬ್ ದೋಷಕ್ಕೆ ಅದು ಒಪ್ಪಿತು. ಗ್ರಬ್ ತನ್ನ ಕಾನ್ಫಿಗ್ ಫೈಲ್ (ಸೆಟ್ಟಿಂಗುಗಳ ಕಡತ) ಓದುವಾಗ ಅಳತೆ ಮೀರಿದ ಪದ ಸಿಕ್ಕರೆ 'ಹಿಡಿಸದು' ಎಂದು ಕೂಗಿ ಅಲ್ಲೇ ನಿಲ್ಲಬೇಕಿತ್ತು. ಕೂಗಿತು, ನಿಲ್ಲಲಿಲ್ಲ, ಇದ್ದಷ್ಟನ್ನೂ ಬಫರಿಗೆ ಸುರಿಯಿತು. ಗ್ರಬ್‌ಗೆ ಡಿಜಿಟಲ್ ಸಹಿಯ ಕಾವಲಿದ್ದರೂ ಆ ಫೈಲಿಗೆ ಇರಲಿಲ್ಲ. ಅದನ್ನು ತಿದ್ದುವ ಅಧಿಕಾರ ಗಿಟ್ಟಿಸಿಕೊಂಡವರು ಸಹಿಯಿಲ್ಲದ ಪ್ರೋಗ್ರಾಮುಗಳನ್ನು ಬೂಟ್ ಆಗುವಾಗ ತಡೆಯುವ 'ಸೆಕ್ಯೂರ್ ಬೂಟ್' ಇದ್ದೂ ಒಳನುಗ್ಗಬಹುದಿತ್ತು.

'ಉಕ್ಕು' ಕೈಕೊಟ್ಟದ್ದು 2015ರ ಇನ್ನೊಂದು ದೋಷದಲ್ಲಿ. ಗ್ರಬ್ ಯೂಸರ್‌ನೇಮ್ ಕೇಳಿದಾಗ ಏನೂ ಟೈಪಿಸದೆ ಬ್ಯಾಕ್‌ಸ್ಪೇಸನ್ನು 28 ಸಲ ಒತ್ತಿದರೆ ಪಾಸ್‌ವರ್ಡ್ ಇಲ್ಲದೆ ರೆಸ್ಕ್ಯೂ ಶೆಲ್ (ಗ್ರಬ್‌ಗೆ ನೇರವಾಗಿ ಆಜ್ಞೆ ಕೊಡುವ ತುರ್ತು ಪರದೆ) ತೆರೆದುಕೊಳ್ಳುತ್ತಿತ್ತು. ವೆಲೆನ್ಸಿಯಾದ ಸಂಶೋಧಕರಿಬ್ಬರು ಕಂಡುಹಿಡಿದದ್ದು. ಎಷ್ಟು ಅಕ್ಷರ ಇದೆಯೆಂಬ ಎಣಿಕೆ ಸೊನ್ನೆಗಿಂತ ಕೆಳಗಿಳಿದು, ಬಫರಿನ ಹಿಂದಿನ ಜಾಗದಲ್ಲೆಲ್ಲ ಸೊನ್ನೆ ಬರೆದುಬಿಡುತ್ತಿತ್ತು. ಹಾಲು ಕೆಳಮುಖವಾಗಿ ಉಕ್ಕೀತೇ?

ಆಗ ಹೊಲ ನೆನಪಾಯಿತು. ಮೆಮೊರಿಯಲ್ಲಿ ಪಕ್ಕಪಕ್ಕದಲ್ಲಿರುವುದೆಲ್ಲ ಬೇರೆಬೇರೆಯವರ ಜಮೀನು. ಬದುವಿಗೆ ಎರಡೂ ಮಗ್ಗುಲಿದೆ. ಯಾವ ಕಡೆಗೆ ನೇಗಿಲು ಹಾಯಿಸಿದರೂ ನೆರೆಯವನ ಜಮೀನೇ. 'ಬದು ದಾಟಿದ ಬರಹ', 'ಬದು ದಾಟಿದ ಓದು' ಎಂದರೆ ಬಫರಿನ ಹೊರಗೆ ಬರೆಯುವುದು, ಹೊರಗಿನದನ್ನು ಓದುವುದು ಎಂಬ ಎರಡು ಬಗೆಯ ದೋಷಕ್ಕೂ ಹೆಸರು ಸಿಕ್ಕಿತು. 'ಒತ್ತುವರಿ' ಬೇಡವೆನಿಸಿತು: ಅದರಲ್ಲಿ ದುರುದ್ದೇಶದ ವಾಸನೆಯಿದೆ. ಇಲ್ಲಿ ದುರುದ್ದೇಶ ದಾಳಿಕೋರನದು, ಪ್ರೋಗ್ರಾಮು ಬರೆದವನದು ಬರೀ ಅಜಾಗರೂಕತೆ.

'ಯೂಸ್ ಆಫ್ಟರ್ ಫ್ರೀ'ಗೆ ಏನನ್ನೋಣ? 2019ರಲ್ಲಿ ಹಳೆಯ ಐಫೋನುಗಳ ಬೂಟ್‌ರೋಮ್‌ನಲ್ಲಿ (ಫೋನು ಆನ್ ಆದೊಡನೆ ಮೊದಲು ಓಡುವ, ಚಿಪ್ಪಿನಲ್ಲೇ ಅಚ್ಚಾದ ಪ್ರೋಗ್ರಾಮು) ಸಿಕ್ಕ 'ಚೆಕ್‌ಮೇಟ್' ದೋಷ ಈ ಜಾತಿಯದು. ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟುವುದು. ಹೊಲದ ಮಾತಲ್ಲೇ ಹೇಳುವುದಾದರೆ 'ಗುತ್ತಿಗೆ ಮುಗಿದ ಉಳುಮೆ'. ತುಸು ಎಳೆದಂತಾಯಿತೇನೋ.

'ಮೆಮೊರಿ'ಯನ್ನು ಮಾತ್ರ ಮುಟ್ಟಿಲ್ಲ. 'ಸ್ಮೃತಿ ಸುರಕ್ಷತೆ' ಎಂದರೆ ಓದುಗ ಮನುವಿನ ಹತ್ತಿರ ಹೋಗಿಬಿಡುತ್ತಾನೆ.

ಉತ್ತರ ಕರ್ನಾಟಕದವರು ಬದುವಿಗೆ 'ಒಡ್ಡು' ಎನ್ನುತ್ತಾರೆ, ಕರಾವಳಿಯಲ್ಲಿ 'ಹುಣಿ' ಕೇಳಿದ್ದೇನೆ. 'ಬದು ದಾಟಿದ ಬರಹ' ಎಂದರೆ ಅಲ್ಲಿನವರಿಗೆ ಥಟ್ಟನೆ ಅರ್ಥವಾದೀತೇ? ನಿಮ್ಮ ಕಡೆ ಪಕ್ಕದವನ ಹೊಲಕ್ಕೆ ನೇಗಿಲು ತಪ್ಪಿ ಹೋದರೆ ಏನನ್ನುತ್ತಾರೆ?