ಸಿದ್ದಿಗಳು ಮತ್ತು ಹಾಲಕ್ಕಿ ಒಕ್ಕಲಿಗರು: ಸಮಾಜಶಾಸ್ತ್ರಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಉತ್ತರ ಕನ್ನಡದ ಅರಣ್ಯವಾಸಿ ಕುಟುಂಬಗಳ ಬದುಕನ್ನು ಅಧ್ಯಯನ ಮಾಡುವ ಸಮಾಜಶಾಸ್ತ್ರಜ್ಞೆಯೊಬ್ಬರು ಇಂದು ಸಂಜೆ ನಮ್ಮೊಂದಿಗಿದ್ದಾರೆ. ಆಫ್ರಿಕಾ ಮೂಲದ ಸಿದ್ದಿ ಮತ್ತು ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯಗಳ ಸ್ಥಿತಿಗತಿಯ ಬಗ್ಗೆ ಏನು ಬೇಕಾದರೂ ಕೇಳಿ. ಹೆಸರಿನ ಬದಲು ತಾಲ್ಲೂಕು ಬರೆಯಿರಿ. ಭಾಷೆ ಸಭ್ಯವಾಗಿರಲಿ.

ಕುಮಟಾ: ನೇರ ಪ್ರಶ್ನೆ, ಮೇಡಂ. ಇಬ್ಬರಲ್ಲಿ ಯಾರ ಸ್ಥಿತಿ ಹೆಚ್ಚು ಕೆಟ್ಟದು? ಜನಗಣತಿಯ ಅಂಕಿ ಸಂಖ್ಯೆ ಇದ್ದರೆ ಕೊಡಿ.

ಉತ್ತರ: ಜನಗಣತಿಯಿಂದ ಈ ಹೋಲಿಕೆ ಆಗುವುದಿಲ್ಲ. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇರುವುದರಿಂದ ಅವರ ಲೆಕ್ಕ ಪ್ರತ್ಯೇಕವಾಗಿ ಸಿಗುತ್ತದೆ. ಹಾಲಕ್ಕಿಗಳು ಹಿಂದುಳಿದ ವರ್ಗದಲ್ಲಿದ್ದಾರೆ. 1931ರ ನಂತರದ ಜನಗಣತಿಗಳು ಪರಿಶಿಷ್ಟ ಜಾತಿ, ಪಂಗಡ ಬಿಟ್ಟು ಬೇರೆ ಜಾತಿಗಳ ಲೆಕ್ಕ ಪ್ರಕಟಿಸಿಲ್ಲ. 2011ರ ಜನಗಣತಿಯ ಹೆಸರಿನಲ್ಲಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದ ಕೋಷ್ಟಕವನ್ನು ಯಾರಾದರೂ ಕಳುಹಿಸಿದರೆ ಅದು ಕಟ್ಟುಕತೆ.

ಹೋಲಿಸಲು ಸಾಧ್ಯವಿರುವುದನ್ನು ಹೇಳುತ್ತೇನೆ. ಮೊದಲು ಭೂಮಿ. ಕರಾವಳಿಯ ಹಾಲಕ್ಕಿಗಳಲ್ಲಿ ಹಲವರು ಗೇಣಿ ಒಕ್ಕಲುಗಳಾಗಿದ್ದರು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿದಾರರ ಅರ್ಜಿಯಾದ ನಮೂನೆ 7ರಲ್ಲಿ ತೋರಿಸಲು ಅವರ ಬಳಿ ಗೇಣಿಯ ಗದ್ದೆ ಇತ್ತು. ಘಟ್ಟದ ಮೇಲಿನ ಸಿದ್ದಿಗಳು ಹೆಚ್ಚಾಗಿ ಬೇರೆಯವರ ಅಡಿಕೆ ತೋಟದಲ್ಲಿ ಕೂಲಿಯವರು. ಮುಂಗಡ ಸಾಲಕ್ಕೆ ದುಡಿದವನಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಉಳುವವನಿಗೆ ಭೂಮಿ ಕೊಟ್ಟ ಕಾಯ್ದೆ ಕೂಲಿಯವನ ಮನೆ ಬಾಗಿಲಿಗೆ ಬರಲೇ ಇಲ್ಲ. ಆದರೆ ಹಾಲಕ್ಕಿಗಳಿಗೆ ಸಿಕ್ಕ ಗದ್ದೆ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿ ಈಗ ಗುಂಟೆಗಳಿಗೆ ಇಳಿದಿದೆ. ಕಾರವಾರ, ಅಂಕೋಲಾ ನಡುವೆ ಸೀಬರ್ಡ್ ನೌಕಾನೆಲೆಗೆ ನೆಲ ಕಳೆದುಕೊಂಡ ಕುಟುಂಬಗಳಲ್ಲಿಯೂ ಹಾಲಕ್ಕಿಗಳಿದ್ದಾರೆ.

ಮಾರುಕಟ್ಟೆ ನೋಡಿ. ಅಂಕೋಲಾ, ಗೋಕರ್ಣದ ಸಂತೆಗಳಲ್ಲಿ ಬಸಳೆ, ಹರಿವೆ ಮಾರುವ ಹಾಲಕ್ಕಿ ಹೆಂಗಸಿನ ಮಡಿಲಿಗೆ ಅಂದೇ ನಗದು ಬೀಳುತ್ತದೆ. ಯಲ್ಲಾಪುರದ ಒಳಗಿನ ಸಿದ್ದಿ ಹೆಂಗಸು ಜೇನನ್ನೋ ವಾಟೆಹುಳಿಯನ್ನೋ ತಂದರೆ ಬೆಲೆ ಕಟ್ಟುವವನು ಇನ್ನೊಬ್ಬ. ಇನ್ನು ಬಣ್ಣ, ಕೂದಲು, ಮುಖ. ಶತಮಾನಗಳಿಂದ ಇಲ್ಲಿಯೇ ಇರುವ ಸಿದ್ದಿ ಹುಡುಗನನ್ನು ಬೆಂಗಳೂರಿನ ಬಸ್ಸಿನಲ್ಲಿ ‘ಯಾವ ದೇಶ’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಈ ಅವಮಾನ ಹಾಲಕ್ಕಿ ಹುಡುಗನಿಗೆ ಇಲ್ಲ. ಹಾಗೆಯೇ, ಸಿದ್ದಿ ಹುಡುಗನ ಕೈಯಲ್ಲಿರುವ ಪ್ರಮಾಣಪತ್ರವೂ ಅವನಿಗೆ ಇಲ್ಲ. ಒಂದೊಂದು ಅಳತೆಗೋಲಿನಲ್ಲಿ ಒಬ್ಬೊಬ್ಬರು ಹಿಂದೆ. ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಕೊಡಿ ಎಂದರೆ ನಾನು ಕೊಡುವುದಿಲ್ಲ.

ಹೊನ್ನಾವರ: ಹಾಲಕ್ಕಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಯಾವಾಗ ಸಿಗುತ್ತದೆ?

ಉತ್ತರ: ದಿನಾಂಕ ಹೇಳಲು ಯಾರಿಂದಲೂ ಆಗದು. ಸಂವಿಧಾನದ 342ನೇ ವಿಧಿಯಂತೆ ಪಟ್ಟಿಗೆ ಸೇರಿಸಲು ಸಂಸತ್ತಿನ ಕಾಯ್ದೆ ಬೇಕು. ರಾಜ್ಯದ ಶಿಫಾರಸು ಮೊದಲ ಮೆಟ್ಟಿಲು ಮಾತ್ರ. ಅದಾದ ಮೇಲೆ ಭಾರತದ ರಿಜಿಸ್ಟ್ರಾರ್ ಜನರಲ್ ಮತ್ತು ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ ಎರಡೂ ಒಪ್ಪಬೇಕು.

ಭಟ್ಕಳ: ಈ ಸಂದೇಶ ಎಲ್ಲ ಗುಂಪುಗಳಲ್ಲಿ ಓಡಾಡುತ್ತಿದೆ, ನಿಜವೇ ನೋಡಿ: ‘ಅರಣ್ಯದ ಅಂಚಿನಲ್ಲಿರುವ ಯಾವುದೇ ಜಾತಿಯವರು ನೂರು ರೂಪಾಯಿ ಛಾಪಾ ಕಾಗದದಲ್ಲಿ ವಂಶವೃಕ್ಷ ಬರೆಸಿ ನೋಟರಿ ಮಾಡಿಸಿದರೆ ತಹಸೀಲ್ದಾರರು ಎಸ್‌ಟಿ ಪ್ರಮಾಣಪತ್ರ ಕೊಡಲೇಬೇಕು. ಎಲ್ಲರಿಗೂ ತಲುಪಿಸಿ.’

ಉತ್ತರ: ಸುಳ್ಳು. ನೋಟರಿಯ ಮುದ್ರೆ ಜಾತಿಯನ್ನು ಹುಟ್ಟಿಸುವುದಿಲ್ಲ. ಪಟ್ಟಿಯಲ್ಲಿಲ್ಲದ ಸಮುದಾಯಕ್ಕೆ ಪ್ರಮಾಣಪತ್ರ ಕೊಡಲು ತಹಸೀಲ್ದಾರರಿಗೆ ಅಧಿಕಾರವೇ ಇಲ್ಲ. ಹೇಗೋ ಪಡೆದರೂ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಯ ಮುಂದೆ ಅದು ನಿಲ್ಲುವುದಿಲ್ಲ. ಸೀಟು ಹೋಗುತ್ತದೆ, ವರ್ಷಗಟ್ಟಲೆ ಮಾಡಿದ ನೌಕರಿ ಹೋಗುತ್ತದೆ, ಮೇಲೆ ಕ್ರಿಮಿನಲ್ ಮೊಕದ್ದಮೆ. ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ.

ಹಳಿಯಾಳ: ನಾವು ಮುಸ್ಲಿಂ ಸಿದ್ದಿಗಳು. ತಂಗಿಯ ಶಾಲಾ ದಾಖಲೆಯಲ್ಲಿ ಜಾತಿ ಎಂಬಲ್ಲಿ ‘ಮುಸ್ಲಿಂ’ ಎಂದಷ್ಟೇ ಇದೆ. ಎಸ್‌ಟಿ ಬರುವುದಿಲ್ಲ ಎಂದು ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು.

ಉತ್ತರ: ಬಾಯಿಮಾತನ್ನು ಒಪ್ಪಬೇಡಿ, ಹಿಂಬರಹ (ಲಿಖಿತ ಉತ್ತರ) ಕೇಳಿ. ಪರಿಶಿಷ್ಟ ಜಾತಿಗೆ ಧರ್ಮದ ಷರತ್ತು ಇದೆ, ಪರಿಶಿಷ್ಟ ಪಂಗಡಕ್ಕೆ ಇಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಮೂವರೂ ಪಂಗಡದವರೇ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪಟ್ಟಿಯಲ್ಲಿದ್ದಾರೆ. 2020ರ ತಿದ್ದುಪಡಿ ಬೆಳಗಾವಿ, ಧಾರವಾಡ ಜಿಲ್ಲೆಯವರನ್ನೂ ಸೇರಿಸಿತು. ತಂದೆಯ ಅಥವಾ ತಂದೆಯ ಕಡೆಯ ಯಾರದ್ದಾದರೂ ಪ್ರಮಾಣಪತ್ರ ಇದ್ದರೆ ಅದನ್ನು ಲಗತ್ತಿಸಿ ಮತ್ತೆ ಅರ್ಜಿ ಹಾಕಿ. ಲಿಖಿತವಾಗಿ ತಿರಸ್ಕರಿಸಿದರೆ 30 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಕಾಲೇಜು ಪ್ರವೇಶದ ಕೊನೆಯ ವಾರದವರೆಗೆ ಕಾಯಬೇಡಿ.

ಅಂಕೋಲಾ (1): ಮಳೆಗಾಲದಲ್ಲಿ ಸಿದ್ದಿಗಳ ಮನೆಗೆ ಸರ್ಕಾರದಿಂದ ಬೇಳೆ, ಎಣ್ಣೆ, ಮೊಟ್ಟೆ ಬರುತ್ತದೆ. ಅದೇ ಕೇರಿಯ ನಮ್ಮ ಮನೆಗೆ ಬರುವುದಿಲ್ಲ. ನಮ್ಮ ಮಕ್ಕಳಿಗೆ ಹಸಿವಿಲ್ಲವೇ?

ಯಲ್ಲಾಪುರ: ಮೊಟ್ಟೆ ಲೆಕ್ಕ ಹಾಕುವವರು ಎಕರೆಯನ್ನೂ ಲೆಕ್ಕ ಹಾಕಲಿ. ನಿಮ್ಮ ಅಜ್ಜನಿಗೆ ಗದ್ದೆ ಬಂತು. ನಮ್ಮ ಅಜ್ಜ ಸತ್ತಾಗ ಹೂಳಲು ಜಾಗವನ್ನೂ ತೋಟದ ಒಡೆಯನನ್ನು ಕೇಳಬೇಕಾಯಿತು.

ಅಂಕೋಲಾ (1): ನಿಮ್ಮವರೊಬ್ಬರು 2020ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ನಮ್ಮವರು ಯಾರು ಹೋಗಿದ್ದಾರೆ?

ಯಲ್ಲಾಪುರ: ನಿಮಗೆ ಎರಡು ಪದ್ಮಶ್ರೀ ಬಂದಿದೆಯಲ್ಲ. ಸುಕ್ರಿ ಬೊಮ್ಮಗೌಡರು, ತುಳಸಿ ಗೌಡರು. ಇನ್ನೇನು ಬೇಕು?

ಉತ್ತರ: ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಳ ಕಾಲ ದಿನಗೂಲಿಯವರಾಗಿದ್ದರು. ಪ್ರಶಸ್ತಿ ಬಂದದ್ದು ಬದುಕಿನ ಸಂಜೆಯಲ್ಲಿ. ಒಬ್ಬರ ಪದಕವಾಗಲಿ ಒಬ್ಬರ ಕುರ್ಚಿಯಾಗಲಿ ಒಂದು ಸಮುದಾಯದ ಆದಾಯವಲ್ಲ. ಪೌಷ್ಟಿಕ ಆಹಾರದ ಪ್ರಶ್ನೆ ನ್ಯಾಯವಾದದ್ದು. ಅದನ್ನು ಸರ್ಕಾರಕ್ಕೆ ಕೇಳಿ, ಪಕ್ಕದ ಮನೆಗಲ್ಲ.

ಕಾರವಾರ: ಹಾಲಕ್ಕಿಗಳಿಗೆ ಎಸ್‌ಟಿ ಯಾವಾಗ?

ಉತ್ತರ: ಮೇಲೆ ಹೇಳಿದ್ದೇನೆ.

ಜೋಯಿಡಾ: ನಾವು ಕುಣಬಿಗಳು. ಗೋವಾದಲ್ಲಿರುವ ನಮ್ಮ ನೆಂಟರು ಎಸ್‌ಟಿ, ನಾವು ಅಲ್ಲ. ಒಂದೇ ರಕ್ತಕ್ಕೆ ಎರಡು ನ್ಯಾಯವೇ?

ಉತ್ತರ: ನಿಮ್ಮ ಪ್ರಶ್ನೆ ಈ ಇಡೀ ಚರ್ಚೆಗೆ ಕನ್ನಡಿ. ಗೋವಾದ ಕುಣಬಿ, ಗಾವಡಾ, ವೇಳಿಪರನ್ನು ಮತ್ತು ಉತ್ತರ ಕನ್ನಡದ ಸಿದ್ದಿಗಳನ್ನು ಪಟ್ಟಿಗೆ ಸೇರಿಸಿದ್ದು ಒಂದೇ ಕಾಯ್ದೆ. ಪಟ್ಟಿ ರಾಜ್ಯವಾರು ಇರುವುದರಿಂದ ಅದೇ ಜನ ಗಡಿಯ ಈಚೆಗೆ ಪಂಗಡವಲ್ಲ. ಲೋಕೂರ್ ಸಮಿತಿ 1965ರಲ್ಲಿ ಹೇಳಿದ ಪಂಗಡದ ಲಕ್ಷಣಗಳನ್ನೇ ಇಂದಿಗೂ ಹಿಡಿದು ಅಳೆಯುತ್ತಾರೆ: ಪ್ರಾಚೀನ ಜೀವನಕ್ರಮದ ಕುರುಹು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಸಂತೆಗೆ ಬಂದು ತರಕಾರಿ ಮಾರುವ ಹೆಂಗಸಿಗೆ ‘ಸಂಕೋಚ’ ಇಲ್ಲವೆಂದು ಅಂಕ ಕಳೆಯುವ ಅಳತೆ ಇದು. ನನಗೆ ಒಪ್ಪಿಗೆಯಿಲ್ಲ.

ಶಿರಸಿ: ತಂದೆ ಹಾಲಕ್ಕಿ, ತಾಯಿ ಸಿದ್ದಿ ಆದರೆ ಮಕ್ಕಳ ಜಾತಿ ಯಾವುದು?

ಅಂಕೋಲಾ (2): ಮೇಡಂ, ನಾವು ಹಾಲಕ್ಕಿಗಳು, ಘಟ್ಟದ ಬುಡದಲ್ಲಿದ್ದೇವೆ. ಪಕ್ಕದಲ್ಲಿ ಸಿದ್ದಿ ಕುಟುಂಬ. ಎರಡೂ ಮನೆಯವರು ಅರಣ್ಯ ಭೂಮಿಯಲ್ಲಿ ಸಾಗುವಳಿ ಮಾಡುತ್ತೇವೆ. ನಮ್ಮದು ಒಂದೂವರೆ ಎಕರೆ, ಬೇಲಿ ಒಂದೇ. ನಾಟಿಗೆ ಅವರು ನಮ್ಮಲ್ಲಿಗೆ, ನಾವು ಅವರಲ್ಲಿಗೆ ಮುಯ್ಯಾಳು. ಅವರಿಗೆ ಹಕ್ಕುಪತ್ರ ಬಂತು. ನಮ್ಮ ತಂದೆಯ ಅರ್ಜಿ ‘75 ವರ್ಷಗಳ ಸಾಗುವಳಿಗೆ ದಾಖಲೆ ಇಲ್ಲ’ ಎಂದು ತಿರಸ್ಕಾರವಾಯಿತು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ತಂದೆ ಊಟ ಸರಿಯಾಗಿ ಮಾಡುತ್ತಿಲ್ಲ.

ಉತ್ತರ: ನಿಧಾನವಾಗಿ ಓದಿ, ತಂದೆಯವರಿಗೂ ಓದಿ ಹೇಳಿ. ನೀವು ಬರೆದಿರುವ ಆ ಒಂದು ಸಾಲಿನಲ್ಲಿಯೇ ತಪ್ಪು ಇದೆ, ಅದು ನಿಮ್ಮದಲ್ಲ.

ಅರಣ್ಯ ಹಕ್ಕು ಕಾಯ್ದೆ 2006ರ ಪ್ರಕಾರ ಭೂಮಿ 2005ರ ಡಿಸೆಂಬರ್ 13ಕ್ಕಿಂತ ಮೊದಲು ಸ್ವಾಧೀನದಲ್ಲಿರಬೇಕು. ಈ ದಿನಾಂಕ ನಿಮ್ಮ ನೆರೆಯವರಿಗೂ ನಿಮಗೂ ಒಂದೇ. ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳಿಗೆ ಹೆಚ್ಚುವರಿಯಾಗಿ ಕೇಳುವುದು ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸ ಮತ್ತು ಅರಣ್ಯದ ಅವಲಂಬನೆ. ವಾಸ ಎಂದಿದೆ. ಅದೇ ಒಂದೂವರೆ ಎಕರೆಯನ್ನು 1930ರಿಂದ ಉತ್ತಿರಬೇಕು ಎಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ವಾಸಕ್ಕೆ ಕೇಳಬೇಕಾದ ವರ್ಷಗಳನ್ನು ಸಾಗುವಳಿಗೆ ಕೇಳಿ ತಿರಸ್ಕರಿಸಿದ್ದಾರೆ. ಮನವಿಯ ಮೊದಲ ಅಂಶ ಇದೇ ಆಗಲಿ.

ಎರಡನೆಯದು ಸಾಕ್ಷ್ಯ. ಈ ಕಾಯ್ದೆಯ ನಿಯಮ 13ರಲ್ಲಿರುವುದು ಪಹಣಿ ಒಂದೇ ಅಲ್ಲ. ಗೆಜೆಟಿಯರ್, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿ, ಬಾವಿ, ಮನೆ, ಸ್ಮಶಾನ, ದೇವರ ಜಾಗ, ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆ ಎಲ್ಲವೂ ಸಲ್ಲುತ್ತವೆ. ಇಂಥದ್ದೇ ದಾಖಲೆ ಬೇಕೆಂದು ಗ್ರಾಮಸಭೆಯ ಮೇಲಿನ ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. 1883ರ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಹಾಲಕ್ಕಿಗಳ ವಿವರಣೆ ಇದೆ, ಸಿದ್ದಿಗಳದ್ದೂ ಇದೆ. ಬ್ರಿಟಿಷ್ ಅಧಿಕಾರಿಯ ಕಣ್ಣಿಗೆ ಇಬ್ಬರೂ ಬಿದ್ದಿದ್ದರು. ಆದರೂ ಒಬ್ಬರ ಬಳಿ ಮಾತ್ರ ನಾವು ಪುರಾವೆ ಕೇಳುತ್ತಿದ್ದೇವೆ. ಸಮುದಾಯ ಈ ಸೀಮೆಯಲ್ಲಿ ಇತ್ತು ಎಂಬುದಕ್ಕೆ ಗೆಜೆಟಿಯರ್ ಸಾಕ್ಷಿ. ನಿಮ್ಮ ಮನೆತನ ಇತ್ತು ಎಂಬುದಕ್ಕೆ ಹಳೆಯ ಬಾವಿ, ಅಜ್ಜನ ಕಾಲದ ಅರಣ್ಯ ಇಲಾಖೆಯ ದಂಡದ ರಸೀದಿ, ತಂದೆಯ ಶಾಲಾ ದಾಖಲಾತಿ ಹುಡುಕಿ. ಕಟ್ಟಿಗೆ ಕಡಿದದ್ದಕ್ಕೆ ದಂಡ ಕಟ್ಟಿದ್ದರೆ ನಾಚಿಕೆಪಟ್ಟು ಬಚ್ಚಿಡಬೇಡಿ. ಆ ಜಾಗದಲ್ಲಿ ಅಜ್ಜ ಇದ್ದರೆಂದು ಇಲಾಖೆಯೇ ಬರೆದುಕೊಟ್ಟ ಚೀಟಿ ಅದು.

ಮೂರನೆಯದು ನೆರೆಮನೆ. ಅವರ ಹಕ್ಕುಪತ್ರ ನಿಮ್ಮ ಪಾಲಿನಿಂದ ಕಿತ್ತುಕೊಂಡದ್ದಲ್ಲ. ಅವರಲ್ಲಿ 80 ದಾಟಿದ ಹಿರಿಯರು ಇದ್ದಾರೆಯೇ? ಇದ್ದರೆ ನಿಮ್ಮ ಅತಿ ಬಲವಾದ ಸಾಕ್ಷಿ ಅವರೇ. ಬೇರೆ ಸಮುದಾಯದವರು, ನಿಮ್ಮ ಅರ್ಜಿಯಲ್ಲಿ ಪಾಲಿಲ್ಲದವರು, ಅದೇ ಬೇಲಿಯ ಆಚೆ ಬದುಕಿದವರು.

ತಿರಸ್ಕಾರದ ಪತ್ರ ಕೈಗೆ ಬಂದ ತಾರೀಖು ತಿಳಿಸಿ, ಯಾವ ಸಮಿತಿಯದು ಎಂಬುದನ್ನೂ. ಇದು ತುರ್ತು.

ಮುಂಡಗೋಡ: ಏಜೆಂಟರಿಗೆ ಐದು ಸಾವಿರ ಕೊಟ್ಟರೆ ಪ್ರತಿ ಕುಟುಂಬಕ್ಕೆ ನಾಲ್ಕು ಹೆಕ್ಟೇರ್ ಮಾಡಿಸಿಕೊಡುತ್ತಾರಂತೆ. ಆಡಿಯೋ ಬಂದಿದೆ, ಹಾಕಲೇ?

ಉತ್ತರ: ಹಾಕಬೇಡಿ. ನಾಲ್ಕು ಹೆಕ್ಟೇರ್ ಗರಿಷ್ಠ ಮಿತಿ, ಹಂಚಿಕೆಯಲ್ಲ. ಸ್ವಾಧೀನದಲ್ಲಿ ಎಷ್ಟಿದೆಯೋ ಅಷ್ಟೇ. ಅರ್ಜಿ ನಮೂನೆ ಉಚಿತ. ಬಡವರ ಐದು ಸಾವಿರ ತಿನ್ನುವವರ ಧ್ವನಿಯನ್ನು ಈ ಗುಂಪಿನಲ್ಲಿ ಕೇಳಿಸಬೇಡಿ.

ಅಂಕೋಲಾ (1): ಸಿದ್ದಿಗಳು ಹಾಲಕ್ಕಿಗೆ ಸಾಕ್ಷಿ ಹೇಳುತ್ತಾರೆಯೇ? ಮೇಡಂ ಯಾವ ಲೋಕದಲ್ಲಿದ್ದಾರೆ?

ಯಲ್ಲಾಪುರ: ಕೇಳದೆ ಹೇಗೆ ಗೊತ್ತಾಯಿತು? ನಮ್ಮವರು ಸುಳ್ಳು ಹೇಳುವವರು ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳಿ.

ಅಂಕೋಲಾ (1): ಸುಳ್ಳು ಎಂದು ನಾನು ಬರೆದಿಲ್ಲ, ಮತ್ತೊಮ್ಮೆ ಓದಿ. ಕಾಗದ ಸಿಕ್ಕ ಮೇಲೆ ನಮ್ಮ ನೆನಪು ಯಾರಿಗೂ ಇರುವುದಿಲ್ಲ ಎಂದೆ.

ಯಲ್ಲಾಪುರ: ನಿಮ್ಮ ಮನೆಯ ಅಂಗಳದಲ್ಲಿ ನಮಗೆ ನೀರು ಎತ್ತಿ ಹೊಯ್ದ ನೆನಪು ನಮಗೆ ಇದೆ.

ಕುಮಟಾ: ಇಬ್ಬರೂ ನಿಲ್ಲಿಸಿ.

ಅಂಕೋಲಾ (1): ನೀವು ಯಾರು ಹೇಳಲು?

ನಿರ್ವಾಹಕರು: ಇನ್ನೊಂದು ಇಂಥ ಮಾತು ಬಂದರೆ ಇಬ್ಬರನ್ನೂ ಗುಂಪಿನಿಂದ ತೆಗೆಯುತ್ತೇನೆ.

ಹೊನ್ನಾವರ: ಹಿಂದುಳಿದ ವರ್ಗಗಳ ಪ್ರವರ್ಗ 1ರ 4 ಪ್ರತಿಶತ ಮೀಸಲಾತಿಯಲ್ಲಿ ನಮಗೆ ಸಿಕ್ಕ ನೌಕರಿ ಎಷ್ಟು? ಇದಕ್ಕಾದರೂ ಉತ್ತರಿಸಿ.

ಸಿದ್ದಾಪುರ: ಎಸ್‌ಟಿ ಯಾವಾಗ ಸಿಗುತ್ತದೆ ಎಂದು ಯಾರೂ ಸರಿಯಾಗಿ ಹೇಳುತ್ತಿಲ್ಲವಲ್ಲ.

ಉತ್ತರ: ಮೂರನೆಯ ಬಾರಿ. ಓದದೆ ಕೇಳುವವರಿಗೆ ಇನ್ನು ಉತ್ತರಿಸುವುದಿಲ್ಲ. ಒಂದು ಮಾತು ಮಾತ್ರ ಸೇರಿಸುತ್ತೇನೆ. ರಾಜ್ಯದ ಪರಿಶಿಷ್ಟ ಪಂಗಡದ ಜನಸಂಖ್ಯೆ 2011ರಲ್ಲಿ 42 ಲಕ್ಷ ದಾಟಿತ್ತು, ಅದರಲ್ಲಿ ಬಹುಪಾಲು ನಾಯಕ ಸಮುದಾಯದವರು. 2022ರಲ್ಲಿ ಮೀಸಲಾತಿ 3ರಿಂದ 7 ಪ್ರತಿಶತಕ್ಕೆ ಏರಿಸಿದ ಮೇಲೂ ಸಿದ್ದಿ ಹುಡುಗಿ ಆ ದೊಡ್ಡ ಸಾಲಿನ ತುದಿಯಲ್ಲಿಯೇ ನಿಂತಿದ್ದಾಳೆ. ಪಟ್ಟಿಗೆ ಸೇರಿದ ಮರುದಿನ ಬಡತನ ಹೋಗುತ್ತದೆ ಎಂದು ಹಾಲಕ್ಕಿಗಳಿಗೆ ಹೇಳುತ್ತಿರುವವರು ಯಲ್ಲಾಪುರದ ಕೇರಿಗಳನ್ನು ನೋಡಿ ಬರಲಿ.

ಅಂಕೋಲಾ (2): ಮೇಡಂ, ಪತ್ರ ಕಳೆದ ತಿಂಗಳು 18ಕ್ಕೆ ಬಂತು. ಉಪವಿಭಾಗ ಮಟ್ಟದ ಸಮಿತಿಯದು. ಗ್ರಾಮಸಭೆ ಒಪ್ಪಿತ್ತು. ಪಕ್ಕದ ಮನೆಯ ಅಜ್ಜಿಗೆ 85ರ ಮೇಲಾಗಿದೆ, ನಮ್ಮ ಅಜ್ಜಿಯ ಜೊತೆ ಸೊಪ್ಪಿಗೆ ಹೋಗುತ್ತಿದ್ದವರು. ಕೇಳಲು ಯಾವ ಮುಖ ಇಟ್ಟುಕೊಂಡು ಹೋಗಲಿ?

ಉತ್ತರ: ನಾಳೆಯೇ ಹೋಗಿ, ತಂದೆಯವರನ್ನೂ ಕರೆದುಕೊಂಡು. ಏಜೆಂಟರಾಗಲಿ ಮುಖಂಡರಾಗಲಿ ಜೊತೆಗೆ ಬೇಡ. ಅಜ್ಜಿಯ ಹೇಳಿಕೆಯನ್ನು ಅರಣ್ಯ ಹಕ್ಕು ಸಮಿತಿಯ ಎದುರು ಅವರ ಮಾತಿನಲ್ಲಿಯೇ ಬರೆಸಿ: ಯಾರ ಅಜ್ಜ, ಯಾವ ಬಾವಿ, ಮನೆ ಮೊದಲು ಎಲ್ಲಿತ್ತು. ಕೊನೆಗೆ ಹೆಬ್ಬೆಟ್ಟು ಅಥವಾ ಸಹಿ. ಜಿಲ್ಲಾ ಮಟ್ಟದ ಸಮಿತಿಗೆ ಮನವಿ ಸಲ್ಲಿಸಲು 60 ದಿನಗಳಿವೆ. ಇನ್ನೂ 30 ದಿನ ಕೊಡುವುದು ಸಮಿತಿಯ ವಿವೇಚನೆ, ಅದನ್ನು ನೆಚ್ಚಿಕೊಳ್ಳಬೇಡಿ. ನಿಮ್ಮ ಮಾತು ಕೇಳದೆ ಮನವಿ ತಳ್ಳಿಹಾಕುವಂತಿಲ್ಲ, ವಿಚಾರಣೆಯ ದಿನಾಂಕವನ್ನು ಬರಹದಲ್ಲಿ ಕೇಳಿ. ಮಂಜೂರಾದರೆ ಹಕ್ಕುಪತ್ರದಲ್ಲಿ ತಾಯಿಯವರ ಹೆಸರೂ ಜಂಟಿಯಾಗಿ ಬರಬೇಕು, ಬಿಟ್ಟುಹೋಗದಂತೆ ನೋಡಿಕೊಳ್ಳಿ. ತಿರಸ್ಕಾರದ ಪತ್ರದ ಎರಡೂ ಬದಿಯ ಚಿತ್ರವನ್ನು ಈ ರಾತ್ರಿಯೇ ನನಗೆ ಪ್ರತ್ಯೇಕವಾಗಿ ಕಳುಹಿಸಿ. ಮನವಿ ಸಲ್ಲಿಸಿದ ದಿನ ಮೊಹರು ಹಾಕಿದ ಸ್ವೀಕೃತಿ ಕೈಗೆ ಬರುವವರೆಗೆ ಕಚೇರಿಯಿಂದ ಹೊರಗೆ ಬರಬೇಡಿ.